ದುಧನಿ ಬಸ್ಸಿನ ಪರೀಕ್ಷೆ

ಸಂಜೆ ಹೊಳೆದ ಕತೆಗಳೆಲ್ಲ ಯೋಗಿರಾಜನಿಗೆ ಬೆಳಿಗ್ಗೆ ತಣ್ಣಗಾದ ಭಜಿಯಂತೆ ಕಾಣುತ್ತಿದ್ದವು. ಹೀಗಾಗಿ ಹನ್ನೆರಡು ವರ್ಷದಲ್ಲಿ ಅವನು ಒಂದನ್ನೂ ಬರೆದಿರಲಿಲ್ಲ. ಸೋಮವಾರ ಮತ್ತೊಂದು ಹೊಳೆದಿತ್ತು: ಹಾಡಹಗಲೇ ಮನೆ ಹೊಕ್ಕ ಕಳ್ಳನನ್ನು, ಕಣ್ಣು ಮಂಜಾದ ಅಜ್ಜಿ, ಮೊಮ್ಮಗಳನ್ನು ನೋಡಲು ಬಂದ ವರನೆಂದು ತಿಳಿದು ಉಪ್ಪಿಟ್ಟು ಕೊಟ್ಟು ಕೂರಿಸುತ್ತಾಳೆ.

“ಬರೀಲ್ಯೋ ಬ್ಯಾಡೋ?” ಎಂದು ಮಂಗಳವಾರ ಬೆಳಿಗ್ಗೆ ಹೆಂಡತಿ ಸುಗಲಾಬಾಯಿಯನ್ನು ಕೇಳಿದ.

“ನನಗ ಕೇಳಬ್ಯಾಡ್ರಿ. ಬಸ್ಸಿನ್ಯಾಗ ಯಾರಿಗರ ಹೇಳ್ರಿ. ‘ಮುಂದ?’ ಅಂದ್ರ ಬರೀರಿ,” ಎಂದು ಆಕೆ ಡಬ್ಬಿ ಕೈಗಿಟ್ಟಳು.

ಯೋಗಿರಾಜ ಅಕ್ಕಲಕೋಟದ ಶಾಲೆಯೊಂದರ ಗುಮಾಸ್ತ. ಸೊಲ್ಲಾಪುರದಿಂದ ದಿನಾ ಹೋಗಿಬರುವವನು. ಅಂದು ದುಧನಿ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತು ಅಕ್ಕಲಕೋಟಕ್ಕೆ ಟಿಕೆಟ್ ತೆಗೆಸಿದ ಗಂಗುಬಾಯಿ ಎಂಬ ಹಿರಿಯ ಹೆಂಗಸಿಗೆ ಕತೆ ಶುರುಮಾಡಿದ.

“ಉಪ್ಪಿಟ್ಟು ತಿಂದನೇನು ತಮ್ಮಾ?”

“ತಿಂದಾ.”

“ಮುಂದ?”

ಯೋಗಿರಾಜನ ಎದೆ ಪೂರಿಯಂತೆ ಉಬ್ಬಿತು. ಮುಂದಿನ ಸೀಟಿನಲ್ಲಿದ್ದ ಅಮೋಗಸಿದ್ಧ ಎಂಬ ಪ್ರಯಾಣಿಕನೂ ತಿರುಗಿ ಕೂತ. ಕಂಡಕ್ಟರ್ ಕಂಬಕ್ಕೆ ಆತು ನಿಂತ.

“ಹುಡುಗಿಗಿ ಪಸಂದ ಬಂದಾನೇನು?” ಗಂಗುಬಾಯಿ ಕೇಳಿದಳು.

“ಕಳ್ಳ ಅದಾನಬೇ ಯವ್ವಾ!” ಎಂದ ಅಮೋಗಸಿದ್ಧ.

“ಇರಲಿ ಬಿಡು. ಮನ್ಯಾಗ ಸುಮ್ಮ ಕುಂಡ್ರಾಂವಕಿಂತ ಛಲೋ.”

ಅಕ್ಕಲಕೋಟ ಬಂತು. ಗಂಗುಬಾಯಿ ಏಳಲೇ ಇಲ್ಲ. ಊರು ಬಂದದ್ದು ಆಕೆಗೆ ಗೊತ್ತೇ ಆಗಲಿಲ್ಲ. ಇಂಥ ಕೇಳುಗರನ್ನು ಬಿಟ್ಟು ಇಳಿಯಲು ಯೋಗಿರಾಜನಿಗೂ ಮನಸ್ಸಾಗಲಿಲ್ಲ. ಕಂಡಕ್ಟರ್ ಯಾರನ್ನೂ ನೋಡದೆ ಗಂಟೆ ಬಾರಿಸಿದ.

ಬಸ್ಸು ಕೊನೆಯ ನಿಲ್ದಾಣ ದುಧನಿ ಮುಟ್ಟಿದಾಗ ಕತೆಯಲ್ಲಿ ಕಳ್ಳನ ಮದುವೆಯಾಯಿತು. ಆಮೇಲಷ್ಟೇ ಗಂಗುಬಾಯಿ ಕಿಟಕಿಯಾಚೆ ನೋಡಿದಳು.

“ಅಯ್ಯ, ಇದ್ಯಾವ ಊರಿಗಿ ತಂದಿಯೋ! ಅಕ್ಕಲಕೋಟದಾಗ ನಮ್ಮ ಬೀಗರು ಹಾದಿ ಕಾಯಾಕತ್ತಾರ!”

ಮರಳಿ ಬರುವ ಬಸ್ಸಿನಲ್ಲಿ ಆಕೆ ಅಕ್ಕಲಕೋಟ ಬರುವತನಕ ಅವನನ್ನು ಬೈದಳು. ಅವನಿಗೋ ಅದು ಸತ್ಕಾರ ಸಮಾರಂಭದ ಭಾಷಣದಂತೆ ಕೇಳಿಸಿತು. ಬರೆಯಲೇಬೇಕು, ಇನ್ನು ಸಂಶಯವಿಲ್ಲ.

ಶಾಲೆ ಮುಟ್ಟಿದಾಗ ಒಂದು ಗಂಟೆ.

“ಇಷ್ಟ ಉಶೀರ ಯಾಕ್ರಿ? ತಡಾ ಆದದ್ದಕ್ಕ ಕಾರಣ ಏನಂತ ಖುಲಾಸಾ ಬರದು ಕೊಡ್ರಿ,” ಎಂದರು ಮುಖ್ಯಾಧ್ಯಾಪಕ ವಿಶ್ವನಾಥ ಸರ್.

ಯೋಗಿರಾಜ ಅದೇ ಉಮೇದಿನಲ್ಲಿ ನಡೆದದ್ದನ್ನೆಲ್ಲ ಒಂದು ಪದವನ್ನೂ ಹೊಡೆದುಹಾಕದೆ ಮೂರು ಪುಟ ಬರೆದು ಕೊಟ್ಟ. ಸರ್ ಕೊನೆಯತನಕ ಓದಿ ಕನ್ನಡಕ ತೆಗೆದರು.

“ಕತಿ ಕೇಳಿ ಮಂದಿ ಇಳಿಯೂದನ್ನ ಮರತರಂತ! ಯಾರು ನಂಬತಾರ್ರಿ ಇದನ್ನ? ಬ್ಯಾರೆ ಬರೀರಿ.”

ಯೋಗಿರಾಜನಿಗೆ ಈಗ ಆ ಕಳ್ಳನ ಕತೆಯ ಮೇಲೂ ಸಂಶಯ ಬಂತು. ಇನ್ನೊಂದು ಹಾಳೆ ತೆಗೆದುಕೊಂಡು ಬರೆದ: ‘ಹೊಟ್ಟೆ ಕೆಟ್ಟಿತ್ತು.’

ಸರ್ ಅದನ್ನು ಎರಡು ಸಲ ಓದಿದರು.

“ಹಾಂ, ಇದು ಖರೇ ಅನಸ್ತದ ನೋಡ್ರಿ,” ಎಂದು ಅರ್ಧ ದಿನದ ರಜೆ ಹಾಕಿ ಸಹಿ ಹಾಕಿದರು.