ಹಿಮ ಕರಗಿದ ಮೇಲೆ ಕಂಡ ಇಳಿಜಾರು

ಪ್ರವಾಸ ಹೋಗಿ ಬಂದವರು ಕಂಡದ್ದಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುವುದು ತಪ್ಪೆಂದು ನನಗೆ ಅನ್ನಿಸಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಕೇಳುವವರು ಆಕಳಿಸುತ್ತಾರೆ. ಆದರೆ ಹೇಳಿದ ಜಾಗಕ್ಕೆ ಕೇಳಿದವರನ್ನೇ ಕರೆದುಕೊಂಡು ಹೋಗಬಾರದು. ಈ ತಿಳಿವಳಿಕೆ ನನಗೆ ಬಂದದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಮಾವನವರ ಸಮ್ಮುಖದಲ್ಲಿ.

ನಾನು ಧಾರವಾಡದವನು, ಈಗ ಮನೆ ಸಿಡ್ನಿಯ ಎಪ್ಪಿಂಗ್‌ನಲ್ಲಿ. ಕಳೆದ ಜುಲೈಯಲ್ಲಿ, ಅಂದರೆ ಇಲ್ಲಿನ ಗಡಗಡ ನಡುಗಿಸುವ ಚಳಿಗಾಲದಲ್ಲಿ, ಹೆಂಡತಿ ವಿದ್ಯಾ ಮತ್ತು ಮಗಳು ಅನಘಾಳನ್ನು ಕರೆದುಕೊಂಡು ಆರು ತಾಸು ಕಾರು ಓಡಿಸಿ ಸ್ನೋಯಿ ಪರ್ವತಗಳ ಒಂದು ಕಣಿವೆಗೆ ಹೋಗಿದ್ದೆ. ಎಲ್ಲಿ ನೋಡಿದರೂ ಹಿಮ. ಸ್ಕೀಯಿಂಗ್ ಕಲಿಯುವ ಹುಮ್ಮಸ್ಸು ಬಂತು. ಬಾಡಿಗೆ ಬೂಟು ಹಾಕಿಕೊಳ್ಳಲು ಇಬ್ಬರ ಸಹಾಯ, ಬಿದ್ದ ಮೇಲೆ ಏಳಲು ಮೂವರ ಸಹಾಯ. ಹಾಲುಹಲ್ಲಿನ ಮಕ್ಕಳು ನನ್ನ ಎಡಬಲದಲ್ಲಿ ಸುಯ್ಯೆಂದು ಜಾರಿಹೋಗುತ್ತಿದ್ದರೆ ನಾನು ನಿಂತಲ್ಲೇ ಬೀಳುತ್ತಿದ್ದೆ. ಆದರೂ ಮೂರನೆಯ ದಿನ ಮಧ್ಯಾಹ್ನ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಬೀಳದೆ ಬಂದೆ. ಬಿದ್ದದ್ದು ನಿಂತ ಮೇಲೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಈ ಸಾಹಸವನ್ನು ಸಿಡ್ನಿಯದೇ ಇನ್ನೊಂದು ಬಡಾವಣೆ ದಿ ಪಾಂಡ್ಸ್‌ನ ಗೆಳೆಯರ ಮನೆಯಲ್ಲಿ ಹೇಳಿದಾಗ ಇಳಿಜಾರು ಸ್ವಲ್ಪ ಕಡಿದಾಯಿತು. ಆಫೀಸಿನಲ್ಲಿ ಇನ್ನೂ ಸ್ವಲ್ಪ. ಮೈಸೂರಿನ ಮಾವನವರಿಗೆ ಫೋನಿನಲ್ಲಿ ಹೇಳುವಷ್ಟರಲ್ಲಿ "ಗೋಡಿ ಇದ್ದಂಗ ಇತ್ರೀ ಮಾವಾರ" ಎಂಬಲ್ಲಿಗೆ ತಲುಪಿತ್ತು. ಮಾವನವರು ನಿವೃತ್ತ ಗಣಿತದ ಮೇಷ್ಟ್ರು. "ಎಷ್ಟು ಡಿಗ್ರಿ?" ಎಂದು ಕೇಳಿದರು. ಸಿಗ್ನಲ್ ಸರಿಯಿಲ್ಲವೆಂದು ಫೋನಿಟ್ಟೆ.

ಜನವರಿಯಲ್ಲಿ ಅವರೇ ಬಂದರು. ಅತ್ತೆಯವರು ಮೊಣಕಾಲು ನೋವೆಂದು ಮೈಸೂರಿನಲ್ಲೇ ಉಳಿದಿದ್ದರು. ಸೂಟ್‌ಕೇಸ್ ಬಿಚ್ಚುವ ಮೊದಲೇ ಮಾವನವರು, "ನೀವು ಇಳಿದ ಆ ಗುಡ್ಡ ನೋಡಬೇಕಲ್ಲ ಅಳಿಯಂದ್ರೇ" ಎಂದರು. ಬೇಸಿಗೆಯಲ್ಲಿ ಅಲ್ಲಿ ನೊಣ ಜಾಸ್ತಿ ಎಂದೆ, ಹಾವಿರುತ್ತವೆ ಎಂದೆ. ಅಷ್ಟರಲ್ಲಿ ವಿದ್ಯಾ ರೂಮು ಬುಕ್ ಮಾಡಿಯಾಗಿತ್ತು.

ಕಣಿವೆ ಹಸಿರಾಗಿತ್ತು. ಹಳ್ಳದ ನೀರು ಜುಳುಜುಳು ಹರಿಯುತ್ತಿತ್ತು. ಮಾವನವರು ಮಂಕಿ ಕ್ಯಾಪ್ ಸರಿಮಾಡಿಕೊಂಡು, "ಎಲ್ಲಿದೆ?" ಎಂದರು. ನಾನು ದೂರದ ಶಿಖರದ ಕಡೆಗೆ ಕೈ ಬೀಸಿದೆ.

"ನೋ ಅಪ್ಪಾ! ದಟ್ ಒನ್, ತಾತಾ" ಎಂದು ಅನಘಾ ಎದುರಿಗೇ ತೋರಿಸಿದಳು.

ಅದೊಂದು ಹುಲ್ಲುಹಾಸು. ಅದರ ಮೇಲೆ ಯಾರೋ ಚಾದರ ಹಾಸಿ ಮಗುವನ್ನು ಆಡಿಸುತ್ತಿದ್ದರು. ಮಗುವಿನ ಪಕ್ಕದಲ್ಲಿ ಒಂದು ಚೆಂಡಿತ್ತು. ಆ ಚೆಂಡು ಉರುಳುತ್ತಲೂ ಇರಲಿಲ್ಲ. ಮಾವನವರು ಬೆನ್ನ ಹಿಂದೆ ಕೈಕಟ್ಟಿಕೊಂಡು ತುದಿಯವರೆಗೆ ನಡೆದುಹೋಗಿ, ಹಾಗೆಯೇ ನಡೆದುಬಂದರು. ಏದುಸಿರೂ ಇಲ್ಲ. "ಹಿಮ ಇದ್ದಾಗ ಬೇರೆ ಥರ ಇರತ್ತೇನೋ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹೋದ ಮಾನ ಹಿಡಿದು ತರುವ ಅವಸರದಲ್ಲಿ, "ಚೇರ್‌ಲಿಫ್ಟ್‌ನ್ಯಾಗ ಮ್ಯಾಲೆ ಹೋಗೂಣ್ರೀ ಮಾವಾರ" ಎಂದುಬಿಟ್ಟೆ. ನನಗೆ ಎತ್ತರವೆಂದರೆ ಭಯ. ತಂತಿಗೆ ತೂಗುಬಿದ್ದ ಆ ಕುರ್ಚಿ ನೆಲ ಬಿಟ್ಟ ಕೂಡಲೇ ಕಣ್ಣು ಮುಚ್ಚಿದೆ. ಎಪ್ಪತ್ತನಾಲ್ಕರ ಮಾವನವರು ನನ್ನ ಮಣಿಕಟ್ಟು ಹಿಡಿದು, "ಕಣ್ಣು ಬಿಡಿ, ಕೆಳಗೆ ಎಷ್ಟು ಹೂವಿದೆ ನೋಡಿ" ಎಂದರು. ಒಂದು ಕಣ್ಣು ಬಿಟ್ಟೆ. ಹಳದಿ, ಬಿಳಿ ಹೂಗಳು ಬೆಟ್ಟದ ತುಂಬ ಚೆಲ್ಲಿದ್ದವು. ಇನ್ನೊಂದನ್ನೂ ಬಿಟ್ಟೆ.

ಮೇಲಿನಿಂದ ಅರ್ಧ ತಾಸು ನಡೆದ ಮೇಲೆ, ನೆರಳಿನ ಒಂದು ತಗ್ಗಿನಲ್ಲಿ ಕರಗದೆ ಉಳಿದ ಹಿಮ ಸಿಕ್ಕಿತು. ನಮ್ಮ ಮನೆಯ ಪಡಸಾಲೆಯಷ್ಟಗಲ, ಮೇಲೆಲ್ಲ ಧೂಳು. ಮಾವನವರು ಹುಟ್ಟಿದ ಮೇಲೆ ಹಿಮ ಮುಟ್ಟಿದವರಲ್ಲ. ಕುಕ್ಕರಗಾಲಿನಲ್ಲಿ ಕೂತು ಮುಟ್ಟಿದರು, ಬೆರಳು ಮೂಸಿದರು. ಆಮೇಲೆ ಆಚೀಚೆ ನೋಡಿದರು. ವಿದ್ಯಾ, ಅನಘಾ ಮುಂದೆ ಹೋಗಿದ್ದರು.

"ಆ ಚಪಾತಿ ಕವರ್ ಕೊಡಿ."

"ಯಾಕ್ರೀ ಮಾವಾರ?"

ಅವರು ಬುತ್ತಿ ಕಟ್ಟಿ ತಂದಿದ್ದ ಪ್ಲಾಸ್ಟಿಕ್ ಕವರನ್ನು ಹಿಮದ ಮೇಲೆ ಹಾಸಿ ಕೂತು, "ಸ್ವಲ್ಪ ತಳ್ಳಿ" ಎಂದರು. ತಳ್ಳಿದೆ. ಜಾರಿದರು, ಅರ್ಧ ಸುತ್ತು ತಿರುಗಿದರು, ಹಿಮ್ಮುಖವಾಗಿ ಹುಲ್ಲಿಗೆ ಹೋಗಿ ನಿಂತರು. ಟೋಪಿ ಕಣ್ಣಿನ ಮೇಲೆ ಇಳಿದಿತ್ತು, ಅಲುಗಾಡಲಿಲ್ಲ. ವಿದ್ಯಾಳಿಗೆ ಏನು ಹೇಳಲಿ ಎಂದುಕೊಳ್ಳುತ್ತ ಕೆಳಗೆ ಓಡಿದೆ. ಅಷ್ಟರಲ್ಲಿ ಟೋಪಿಯೊಳಗಿನಿಂದ ಕಿಲಕಿಲ ನಗು ಕೇಳಿಸಿತು. "ಇನ್ನೊಂದ್ಸಲ!" ನಾಲ್ಕು ಸಲ ತಳ್ಳಿದೆ. ಐದನೆಯ ಸಲ ಅವರು ನನ್ನನ್ನು ತಳ್ಳಿದರು.

ಸಂಜೆ ರೂಮಿನಿಂದ ಅತ್ತೆಯವರಿಗೆ ಫೋನು ಹೋಯಿತು. "ಸರೋಜಾ, ಕೇಳಿಲ್ಲಿ. ಇವತ್ತು ಹಿಮದ ಗುಡ್ಡ ಜಾರಿದೆ. ಎಷ್ಟುದ್ದ ಅಂದ್ರೆ... ನೂರಡಿ. ನೂರೈವತ್ತೇ ಇರಬಹುದು." ನನ್ನ ಕಡೆ ಒಮ್ಮೆ ನೋಡಿ, "ಬೇಕಾದ್ರೆ ಅಳಿಯಂದ್ರನ್ನೇ ಕೇಳು" ಎಂದು ಫೋನನ್ನು ನನ್ನ ಕೈಗಿಟ್ಟು ಕಿಟಕಿಯ ಹೊರಗೆ ನೋಡುತ್ತ ನಿಂತರು.

"ನಿಜವಾ ಅಳಿಯಂದ್ರೇ?" ಎಂದರು ಅತ್ತೆ.

ಕಾಲಿಟ್ಟು ಅಳೆದಿದ್ದರೆ ಹದಿನೈದು ಅಡಿಯೂ ಆಗುತ್ತಿರಲಿಲ್ಲ. "ನೂರೈವತ್ತಲ್ರೀ ಅತ್ತಿಯವರ, ಇನ್ನೂರಡಿಯರೆ ಇತ್ತು" ಎಂದೆ.

ಮಾವನವರು ಸದ್ದಿಲ್ಲದೆ ಬಂದು, ಊರಿನಿಂದ ತಂದ ಪುಡಿಯಲ್ಲಿ ತಾವೇ ಮಾಡಿದ್ದ ಫಿಲ್ಟರ್ ಕಾಫಿಯನ್ನು ನನ್ನ ಲೋಟದ ತುಂಬ ಬಗ್ಗಿಸಿದರು. ನಾನು ಚಹಾದವನು, ಕಾಫಿ ಕುಡಿದರೆ ಎದೆಯುರಿ. ಆದರೂ ಆ ಸಂಜೆ ಅಷ್ಟನ್ನೂ ಕುಡಿದು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡೆ.