ಕಂಸದೊಳಗಿನ ಗಂಡ

ನಾಟಕದ ಹುಚ್ಚಿದ್ದು ನಟನೆ ಬಾರದಿರುವುದು ದೊಡ್ಡ ಸಂಕಟ. ಹಾಡಲು ಬಾರದವನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಹಾಡಿ ಸಮಾಧಾನಪಡಬಹುದು. ನಟಿಸಲು ಬಾರದವನಿಗೆ ಆ ಸೌಕರ್ಯವೂ ಇಲ್ಲ, ನೋಡುವುದಕ್ಕೆ ಎದುರಿಗೆ ಇನ್ನೊಬ್ಬರು ಬೇಕೇ ಬೇಕು. ನನ್ನಂಥವರ ಮೇಲಿನ ಕರುಣೆಯಿಂದಲೇ ಯಾರೋ ಪುಣ್ಯಾತ್ಮರು ನಾಟಕದಲ್ಲಿ ಕಂಸ ಹಾಕುವ ಪದ್ಧತಿ ಶುರು ಮಾಡಿರಬೇಕು. ‘ಬಾಗಿಲು ತೆರೆಯುತ್ತದೆ’, ‘ಅವಳು ಕಣ್ಣೊರೆಸಿಕೊಳ್ಳುತ್ತಾಳೆ’ ಎಂದೆಲ್ಲ ಮಾತಿನ ನಡುನಡುವೆ ಕಂಸದಲ್ಲಿ ಬರೆದಿರುತ್ತಾರಲ್ಲ, ಹೈದರಾಬಾದಿನ ನಮ್ಮ ಪುಟ್ಟ ಕನ್ನಡ ಗುಂಪಿನಲ್ಲಿ ಅದನ್ನು ಗಟ್ಟಿಯಾಗಿ ಓದುವವನು ನಾನು.

ತಿಂಗಳಿಗೊಂದು ಭಾನುವಾರ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಸ್ಕೂಟರುಗಳನ್ನು ಆಚೆ ಸರಿಸಿ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕುತ್ತೇವೆ. ಯಾರೋ ಹೊಸದಾಗಿ ಬರೆದ ನಾಟಕವನ್ನು ಐದಾರು ಜನ ಪಾತ್ರ ಹಂಚಿಕೊಂಡು, ಹಾಳೆ ಹಿಡಿದು ಓದುತ್ತಾರೆ. ವೇಷವಿಲ್ಲ, ಪರದೆಯಿಲ್ಲ, ಬಾಯಿಪಾಠದ ಕಾಟವಿಲ್ಲ. ‘ಮಳೆ ಬರುತ್ತದೆ’ ಎಂದು ನಾನು ಓದಿದರೆ ಮಳೆ ಬಂದಂತೆ. ಬಾಗಿಲು, ಕಿಟಕಿ, ಗುಡುಗು, ಲಿಂಗಂಪಲ್ಲಿಗೆ ಹೋಗುವ ರೈಲು, ಎಲ್ಲವೂ ನಾನೇ. ಮೊದಮೊದಲು ನನಗೂ ಮಾತು ಕೊಟ್ಟು ನೋಡಿದರು. ಜಮೀನ್ದಾರ, ದೆವ್ವ, ಹತ್ತು ವರ್ಷದ ಹುಡುಗಿ, ಮೂವರೂ ನನ್ನ ಬಾಯಲ್ಲಿ ರಜೆ ಅರ್ಜಿ ಓದಿದಂತೆ ಕೇಳಿಸಿದರಂತೆ. ಅಂದಿನಿಂದ ನಾನು ಕಂಸದೊಳಗೇ ಉಳಿದೆ.

ಇದನ್ನೆಲ್ಲ ನಡೆಸುವವರು ತಾರ್ನಾಕದ ವೈಜನಾಥ ಮಾಸ್ತರು, ನಿವೃತ್ತ ಮೇಷ್ಟ್ರು. ಯಾರು ಬರೆದುಕೊಟ್ಟರೂ ತಗೊಳ್ಳುತ್ತಾರೆ. ನಮ್ಮಲ್ಲಿ ಬಟ್ಟೆ ಅಂಗಡಿಯವರು ಬರೆದಿದ್ದಾರೆ, ನರ್ಸ್ ರೇಣುಕಾ ಬರೆದಿದ್ದಾಳೆ, ಯಾದಗಿರಿ ಕಡೆಯ ಗಾರೆ ಮೇಸ್ತ್ರಿ ಸಿದ್ದಪ್ಪ, ಕಟ್ಟುತ್ತಿರುವ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಸಂಸಾರ ಮಾಡುವವರ ಕಥೆಯನ್ನು ಬಾಯಲ್ಲಿ ಹೇಳಿ ಮಗಳ ಕೈಲಿ ಬರೆಸಿದ್ದಾನೆ. ಮೊದಲ ವರ್ಷ ಬರೆದವರ ಹೆಸರು ಹೇಳಿಯೇ ಓದುತ್ತಿದ್ದೆವು. ಬಟ್ಟೆ ಅಂಗಡಿಯವರ ನಾಟಕಕ್ಕೆ ಎಲ್ಲರೂ ವಾಹ್ ವಾಹ್ ಅಂದೆವು, ಏಕೆಂದರೆ ಸಮೋಸಾ ತರುತ್ತಿದ್ದವರು ಅವರೇ. ಸಿದ್ದಪ್ಪನ ನಾಟಕಕ್ಕೆ ‘ಪಾಪ, ಚಲೋ ಬರದಾನ’ ಅಂದೆವು. ಆ ‘ಪಾಪ’ ಕೇಳಿ ಮಾಸ್ತರಿಗೆ ಸಿಟ್ಟು ಬಂತು. ಅಂದಿನಿಂದ ಹೊಸ ಕಾನೂನು. ಮಾಸ್ತರು ತಾವೇ ಟೈಪ್ ಮಾಡಿ ಝೆರಾಕ್ಸ್ ಹಂಚುತ್ತಾರೆ, ಹೆಸರು ಇರುವುದಿಲ್ಲ. ಓದಿದ ಮೇಲೆ ಅಭಿಪ್ರಾಯ, ಆಮೇಲೆ ಕೈಯೆತ್ತುವುದು. ಮುಂದುವರಿಸೋಣ ಎಂದು ಹೆಚ್ಚು ಕೈ ಎದ್ದರೆ ಹೆಸರು ಹೇಳುತ್ತಾರೆ, ನಾಟಕವನ್ನು ತಿದ್ದಿ, ಮತ್ತೆ ಓದಿ, ವರ್ಷದ ಕೊನೆಗೆ ರಂಗದ ಮೇಲೆ ತರುತ್ತೇವೆ. ಬೇಡ ಎಂದರೆ ನೋಟ್‌ಬುಕ್ಕು ಸದ್ದಿಲ್ಲದೆ ಬರೆದವರ ಕೈ ಸೇರುತ್ತದೆ, ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಒಳ್ಳೆಯ ಕಾನೂನು ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಈಗ ತಪ್ಪೊಪ್ಪಿಗೆ. ಕಳೆದ ಚಳಿಗಾಲದಲ್ಲಿ ನಾವು ಓದಿದ ಒಂದು ನಾಟಕ ನನ್ನ ಹೆಂಡತಿ ಸರೋಜಾ ಬರೆದದ್ದು. ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಇದ್ದರೂ ನನಗದು ಗೊತ್ತಿರಲಿಲ್ಲ. ಯಾವತ್ತೂ ಸೆಲ್ಲಾರಿಗೆ ಇಳಿಯದವಳು ಅವತ್ತು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಯಾಕೆಂದು ಕೇಳಿದ್ದಕ್ಕೆ ‘ಮನ್ಯಾಗ ಕರೆಂಟ್ ಇಲ್ಲರಿ’ ಅಂದಳು. ನಾನು ಬಂದದ್ದು ಲಿಫ್ಟಿನಲ್ಲಿ. ಆದರೂ ನಂಬಿದೆ.

ನಾಟಕದ ಕಥೆ ಇಷ್ಟೇ. ಒಬ್ಬ ಹೆಂಗಸು ಅಡುಗೆಮನೆಯ ಕಿಟಕಿಯಿಂದ ಪಕ್ಕದ ಫ್ಲ್ಯಾಟಿನ ತೆಲುಗು ಹೆಂಗಸಿನ ಜೊತೆ ಮಾತಾಡುತ್ತಾಳೆ. ಒಬ್ಬರ ಭಾಷೆ ಒಬ್ಬರಿಗೆ ಅರ್ಧಂಬರ್ಧ. ಆದರೂ ಇಬ್ಬರೂ ತವರು, ಉಪ್ಪಿನಕಾಯಿ, ತೀರಿಹೋದ ಅಕ್ಕ, ಕಲಿಯಬೇಕೆಂದಿದ್ದ ಹಾರ್ಮೋನಿಯಂ, ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ. ಪಾತ್ರಗಳ ಪಟ್ಟಿಯ ಕೊನೆಗೆ ‘ಗಂಡ: ಮಾತಿಲ್ಲ’ ಎಂದಿತ್ತು. ಮಾತಿಲ್ಲದವನನ್ನು ಓದುವವನು ನಾನಲ್ಲದೆ ಇನ್ನಾರು? ‘ಗಂಡ ಒಳಗೆ ಬರುತ್ತಾನೆ. ಫ್ಯಾನ್ ಹಾಕುತ್ತಾನೆ. ಪೇಪರು ಹಿಡಿಯುತ್ತಾನೆ.’ ‘ಗಂಡ ಊಟಕ್ಕೆ ಕೂರುತ್ತಾನೆ. ಉಪ್ಪು ಕಡಿಮೆಯಾದಾಗ ಮಾತ್ರ ತಲೆ ಎತ್ತುತ್ತಾನೆ.’ ಸಿಕ್ಕಿದ್ದೇ ಸೌಭಾಗ್ಯವೆಂದು ಭಾವ ತುಂಬಿ ಓದಿದೆ. ಜನ ಮುಸಿಮುಸಿ ನಗತೊಡಗಿದರು. ನನ್ನ ಕಂಠ ಪಳಗಿದೆ ಎಂದು ಹಿಗ್ಗಿದೆ. ನಡುವೆ ಅಕ್ಷರ ಮಸುಕಾಗಿ ಕನ್ನಡಕ ತೆಗೆದು ಜುಬ್ಬಾದ ತುದಿಗೆ ಒರೆಸಿ, ಊದಿ, ಮತ್ತೆ ಒರೆಸಿ, ಹಾಕಿಕೊಂಡು ಮುಂದಿನ ಸಾಲು ಓದಿದೆ. ‘ಗಂಡ ಕನ್ನಡಕ ತೆಗೆದು ಜುಬ್ಬಾದ ತುದಿಗೆ ಒರೆಸಿ, ಊದಿ, ಮತ್ತೆ ಒರೆಸುತ್ತಾನೆ.’ ಸೆಲ್ಲಾರು ಗೊಳ್ಳೆಂದಿತು. ದೇವರಾಣೆ, ನನಗೆ ಆಗಲೂ ಹೊಳೆಯಲಿಲ್ಲ.

ಅಭಿಪ್ರಾಯ ಹೇಳುವ ಸರದಿಯಲ್ಲಿ ಮೊದಲು ಎದ್ದವನೂ ನಾನೇ. ‘ಹೆಂಗಸರ ಮಾತು ಸುಮಾರಾಗ್ಯಾವ. ಆದರ ಗಂಡನ ಪಾತ್ರ ಶುದ್ಧ ಸುಳ್ಳು ಐತಿ. ಹಿಂಗ ಮಾತಾಡದ ಗಂಡ ಎಲ್ಲಿ ಇರ್ತಾನ? ಇದನ್ನ ಬರದವಗ ಸಂಸಾರದ ಅನುಭವ ಇಲ್ಲ, ಯಾರೋ ಲಗ್ನ ಆಗದ ಹುಡುಗ ಇರಬೇಕು. ನನ್ನ ಕೇಳಿದ್ರ ಇದನ್ನ ಇಲ್ಲಿಗೇ ಬಿಡೂದು ಚಲೋ’ ಎಂದು ಹೇಳಿ, ನ್ಯಾಯಾಧೀಶನ ಗತ್ತಿನಲ್ಲಿ ಕೂತೆ. ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಸರೋಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದುದು ಕಾಣುತ್ತಿತ್ತು ಎಂದು ರೇಣುಕಾ ಆಮೇಲೆ ಹೇಳಿದಳು.

ನಾಟಕವನ್ನು ಉಳಿಸಿದವನು ಸಿದ್ದಪ್ಪ. ನಿಧಾನಕ್ಕೆ ಎದ್ದು, ‘ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಅಂಥಾ ಗಂಡ ಇಲ್ಲ ಅಂದ್ರಿ. ನಾನ ಅದೀನ್ರಿ. ದಿನಾ ಆಕಿ ಬುತ್ತಿ ಕಟ್ಟಿ ಕೊಡ್ತಾಳ, ನಾ ತಗೊಂಡು ಹೊಕ್ಕೀನಿ. ಇವತ್ತು ಇದನ್ನ ಕೇಳಿ ನನಗ ಭಾಳ ನಾಚಿಕಿ ಆತು. ನಾಟಕ ಬಿಡೂದು ಬ್ಯಾಡ್ರಿ’ ಅಂದ. ರೇಣುಕಾ, ‘ಗಂಡಗ ಒಂದರ ಮಾತು ಇರ್ಲಿ. ಒಂದೂ ಇಲ್ಲಂದ್ರ ಆಕಿ ಇಷ್ಟು ವರ್ಷ ಅವನ ಕೂಡ ಯಾಕ ಉಳದ್ಲು ಅನ್ನೂದು ತಿಳಿಯಂಗಿಲ್ಲ’ ಅಂದಳು. ಕೈಗಳು ಎದ್ದವು. ಏಳದ ಕೈ ಎರಡೇ. ಒಂದು ನನ್ನದು. ಇನ್ನೊಂದು ಹಿಂದಿನ ಸಾಲಿನ ನನ್ನ ಹೆಂಡತಿಯದು. ಅವಳೂ ನನ್ನ ಕಡೆಯೇ ಇದ್ದಾಳೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು.

ಮಾಸ್ತರು ಹೆಸರು ಹೇಳಿದಾಗ ಸರೋಜಾ ಎದ್ದು ನಿಂತಳು. ತಲೆ ತಗ್ಗಿಸಲಿಲ್ಲ. ಇಪ್ಪತ್ತು ಜನ ಚಪ್ಪಾಳೆ ತಟ್ಟುವಾಗ ಒಬ್ಬೊಬ್ಬರ ಮುಖವನ್ನೂ ನೋಡಿ ನಕ್ಕಳು. ಇಷ್ಟು ಚೆಂದದ ನಗು ಮನೆಯಲ್ಲಿದ್ದೂ ನಾನು ಪೇಪರು ನೋಡುತ್ತಿದ್ದೆನಲ್ಲ ಎಂದುಕೊಂಡು, ಎಲ್ಲರಿಗಿಂತ ತಡವಾಗಿ ನಾನೂ ಚಪ್ಪಾಳೆ ತಟ್ಟಿದೆ.

ಮನೆಗೆ ಬಂದ ಮೇಲೆ, ‘ನನಗ ಮೊದಲ ಹೇಳಬಾರದಿತ್ತ?’ ಎಂದೆ. ‘ಮೂರು ಸಲ ಹೇಳೀನ್ರಿ. ಒಮ್ಮೆ ಹೂಂ ಅಂದ್ರಿ, ಒಮ್ಮೆ ಹಾಂ ಅಂದ್ರಿ, ಇನ್ನೊಮ್ಮೆ ಫ್ಯಾನ್ ಜೋರ್ ಮಾಡು ಅಂದ್ರಿ’ ಅಂದಳು. ಸಿಟ್ಟಿರಲಿಲ್ಲ. ಆಮೇಲೆ, ‘ನೀವು ಬಿಡೂದು ಚಲೋ ಅಂದಾಗ ಎದಿ ಧಸಕ್ ಅಂತು. ಮತ್ತ ಪೆನ್ನು ಹಿಡಿಯೂದ ಬ್ಯಾಡ ಅಂತ ಮಾಡಿದ್ದೆ’ ಅಂದಳು. ನಾನು ಕ್ಷಮೆ ಕೇಳಿದೆ. ಅದೂ ರಜೆ ಅರ್ಜಿಯ ಧಾಟಿಯಲ್ಲೇ ಬಂತೆಂದು ಕಾಣುತ್ತದೆ, ಅವಳು ನಕ್ಕಳು.

ರೇಣುಕಾ ಹೇಳಿದಂತೆ ತಿದ್ದಿದ ಪ್ರತಿಯಲ್ಲಿ ಗಂಡನಿಗೆ ಒಂದೇ ಒಂದು ಮಾತು ಬಂತು. ಊಟದ ತಟ್ಟೆಯಿಂದ ತಲೆ ಎತ್ತಿ ಅವನು, ‘ನಿಂದು ಊಟ ಆತೇನ?’ ಎಂದು ಕೇಳುತ್ತಾನೆ. ಅವಳು ‘ಹೂಂ, ಆತು’ ಅನ್ನುತ್ತಾಳೆ. ಅಷ್ಟೇ. ಮಾಸ್ತರು ಆ ಪಾತ್ರ ನನಗೇ ಕೊಟ್ಟರು. ಜೀವಮಾನದ ಆಸೆ ಕೈಗೂಡಿದ ಮೇಲೆ ಸುಮ್ಮನಿರುವುದುಂಟೆ? ಲಿಫ್ಟಿನಲ್ಲಿ ಅಂದೆ, ಮೆಟ್ರೋದಲ್ಲಿ ಅಂದೆ. ಪಕ್ಕದಲ್ಲಿ ನಿಂತಿದ್ದವರೊಬ್ಬರು ಗಾಬರಿಯಾಗಿ ‘ಅಯಿಂದಂಡಿ’, ಆಯಿತು ಎಂದು ತೆಲುಗಿನಲ್ಲಿ ಉತ್ತರವನ್ನೂ ಕೊಟ್ಟರು. ಮನೆಯಲ್ಲಿ ಸರೋಜಾಳೇ ನಿರ್ದೇಶಕಿ. ‘ಹಂಗಲ್ಲರಿ. ಆಫೀಸಿನ್ಯಾಗ ಫೈಲ್ ಬಂತೇನ ಅಂತ ಕೇಳ್ದಂಗ ಆತು.’ ಇನ್ನೊಮ್ಮೆ ಅಂದರೆ, ‘ಪೊಲೀಸರು ಕೇಳ್ದಂಗ ಆತು.’ ಮೂರು ಪದ ಹೇಳಲು ಇಷ್ಟು ಕಷ್ಟವೇಕೆ ಎಂದು ಅವಳಿಗೂ ಅರ್ಥವಾಗಲಿಲ್ಲ, ನನಗೂ.

ಎರಡನೇ ಓದಿನ ದಿನ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೊನೆಯ ತಾಲೀಮು ಮಾಡಿದೆ. ಅವಳು ಒಲೆಯ ಕಟ್ಟೆ ಒರೆಸುತ್ತಿದ್ದಳು. ಕುತ್ತಿಗೆಯ ಮೇಲೆ ಬೆವರಿತ್ತು, ಜಡೆ ಬಿಚ್ಚಿಹೋಗಿತ್ತು. ಏನನ್ನಿಸಿತೋ, ಹಾಳೆ ಕೆಳಗಿಳಿಸಿ, ಅವಳನ್ನೇ ನೋಡುತ್ತ ಮೆಲ್ಲಗೆ, ‘ನಿಂದು ಊಟ ಆತೇನ?’ ಎಂದೆ. ಈ ಸಲ ಸರಿಯಾಗಿ ಬಂತೆಂದು ನನಗೇ ಗೊತ್ತಾಯಿತು. ಒರೆಸುವ ಕೈ ನಿಂತಿತು. ಅವಳು ತಿರುಗಿ ನೋಡಿ, ‘ಇಲ್ಲ’ ಅಂದಳು.

‘ಅಲ್ಲ, ಇಲ್ಲಿ ‘ಹೂಂ, ಆತು’ ಅಂತ ಐತಿ’ ಎಂದು ಹಾಳೆ ತೋರಿಸಿದೆ.

‘ನಾಟಕದಾಗಿನಾಕಿ ಉಂಡಾಳರಿ’ ಅಂದಳು ಸರೋಜಾ. ‘ನಂದು ಇನ್ನಾ ಆಗಿಲ್ಲ.’

ನಾನು ಅಷ್ಟರಲ್ಲಿ ಉಂಡು, ಕೈ ತೊಳೆದು, ಅಡಿಕೆ ಕೂಡ ಬಾಯಿಗೆ ಹಾಕಿಕೊಂಡಿದ್ದೆ.