ಒಂದೇ ಮೇಜು, ಮೂವರು ಮೇಷ್ಟ್ರು

ಮೂವರು ಮೇಷ್ಟ್ರು ಕೂತ ಕಡೆ ನಗುವಂಥದ್ದು ಏನಾದರೂ ನಡೆದೇ ತೀರುತ್ತದೆ. ಬಳ್ಳಾರಿಯ ನಮ್ಮ ಹೊಸ ಕಾಲೇಜಿನಲ್ಲಂತೂ ಸ್ಟಾಫ್ ರೂಮಿಗೆ ಇದ್ದದ್ದು ಒಂದೇ ಮೇಜು. ಆಗಿನ್ನೂ ನಮ್ಮದು ಮದರಾಸು ಪ್ರಾಂತ್ಯ. ನಾನು ಫಿಸಿಕ್ಸ್ ಮೇಷ್ಟ್ರು. ಎಡಕ್ಕೆ ಇತಿಹಾಸದವರು, ಬಲಕ್ಕೆ ಕನ್ನಡ ಪಂಡಿತರು.

೧. ಗಡಗಡಿ

ರಾಟೆಯ ಪಾಠ ಬಂತು, ಲ್ಯಾಬಿನಲ್ಲಿ ರಾಟೆಯಿಲ್ಲ. ಮದರಾಸಿಗೆ ಬರೆದು ಮೂರು ತಿಂಗಳಾಗಿತ್ತು.

"ಅದಕ್ಯಾಕ ಚಿಂತಿ? ನಮ್ಮ ಮನಿ ಬಾವಿ ಗಡಗಡಿ ಐತಲ್ರಿ," ಎಂದ ಪಂಡಿತರು ಮರುದಿನ ಅದನ್ನು ಹಗ್ಗದ ಸಮೇತ ತಂದೇಬಿಟ್ಟರು. ತೊಲೆಗೆ ಕಟ್ಟಿ ಭಾರ ಎತ್ತಿಸಿದೆ. ವರ್ಷವೆಲ್ಲ ಬಾಯಿ ಬಿಡದ ಹುಡುಗರು ಪೈಪೋಟಿಯಲ್ಲಿ ಉತ್ತರ ಹೇಳಿದರು. ನಾನು ಹಿಗ್ಗುತ್ತಿರುವಾಗಲೇ ಬಾಗಿಲಲ್ಲಿ ಪಂಡಿತರ ತಾಯಿ, ಕೈಯಲ್ಲಿ ಖಾಲಿ ಕೊಡ.

"ಪಾಠ ಮುಗದಿದ್ರ ಗಡಗಡಿ ಕೊಡ್ರಪ್ಪಾ. ಮನ್ಯಾಗ ಇನ್ನಾ ಯಾರದೂ ಜಳಕ ಆಗಿಲ್ಲ!"

೨. ಕೊನೆಯ ಸಾಲು

ಕುರುಗೋಡಿನಲ್ಲಿ ಇತಿಹಾಸದವರಿಗೆ ಒಂದು ಸವೆದ ಶಾಸನ ಸಿಕ್ಕಿತು. ಓದಲು ಮೂವರೂ ಹೋದೆವು. ಎಷ್ಟು ಕಣ್ಣು ಕಿರಿದು ಮಾಡಿದರೂ ಅಕ್ಷರ ಕಾಣವು. "ಗೀರುಗಳಿಗೆ ಬಿಳಿ ಪುಡಿ ತುಂಬಿದರೆ ಕಾಣುತ್ತದೆ," ಎಂದೆ ನಾನು. ಹತ್ತಿರದ ಮನೆಯಿಂದ ಜೋಳದ ಹಿಟ್ಟು ತಂದು ಸವರಿದೆವು. ಅಕ್ಷರಗಳು ಹೊಳೆದವು. ಪಂಡಿತರು ಓದಿದರು, ಇತಿಹಾಸದವರು ಬರೆದುಕೊಂಡರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒಂದು ಮೇಕೆ ನುಗ್ಗಿ ಆ ಸಾಲನ್ನು ನೆಕ್ಕಿಬಿಟ್ಟಿತು. ಹಿಟ್ಟೂ ಮುಗಿದಿತ್ತು.

"ಏನು ಬರೀಲ್ರಿ?" ಎಂದರು ಇತಿಹಾಸದವರು.

"ನಮಗಿಂತ ಮೊದಲ ಮೇಕಿ ಓದೇತಿ ಅಂತ ಬರೀರಿ," ಎಂದರು ಪಂಡಿತರು.

೩. ಜ್ವರ

ನಾವು ಬಿಡುವಿದ್ದಾಗ ಒಬ್ಬರ ಕ್ಲಾಸಿನಲ್ಲಿ ಒಬ್ಬರು ಕೂರುತ್ತಿದ್ದೆವು. ಪಂಡಿತರಂತೂ ವರ್ಷವಿಡೀ ನನ್ನ ಕ್ಲಾಸಿನ ಕೊನೆಯ ಬೆಂಚು ಬಿಡಲಿಲ್ಲ. ಹೀಗಿರುವಾಗ ಮದರಾಸಿನಿಂದ ತಪಾಸಣೆಯವರು ಬರುವ ಸುದ್ದಿ ಬಂತು. ಅವರು ಒಪ್ಪದಿದ್ದರೆ ಫಿಸಿಕ್ಸ್ ತರಗತಿಯೇ ಬಂದ್. ನಾನೋ ಸಿರುಗುಪ್ಪದ ನಮ್ಮ ಮನೆಯಲ್ಲಿ ಚಳಿಜ್ವರದಿಂದ ನಡುಗುತ್ತ ಮಲಗಿದ್ದೆ.

ಆಮೇಲೆ ಕೇಳಿ ತಿಳಿದದ್ದು: ಪಂಡಿತರೇ ನನ್ನ ಕ್ಲಾಸಿಗೆ ಹೋಗಿ ನಿಂತು, ತುಂಗಭದ್ರೆಯ ಹರಿಗೋಲು ಯಾಕೆ ಮುಳುಗುವುದಿಲ್ಲ ಎಂದು ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬೆರೆಸಿ ಪಾಠ ಮಾಡಿದರಂತೆ. ತಪಾಸಣೆಯವರು ಮೆಚ್ಚಿ, "ಫಿಸಿಕ್ಸ್ ಓದಿದ್ದು ಎಲ್ಲಿ?" ಎಂದು ಕೇಳಿದರಂತೆ.

"ಸ್ಟಾಫ್ ರೂಮಿನ್ಯಾಗ್ರಿ!"

ಅವರು ನಕ್ಕು ಒಪ್ಪಿಗೆ ಬರೆದು ಹೋದರು. ವಾರದ ನಂತರ ನಾನು ಸೊರಗಿದ ಮುಖ ಹೊತ್ತು ಕ್ಲಾಸಿಗೆ ಹೋದೆ. ಹುಡುಗರೆಲ್ಲ ಎದ್ದು ನಿಂತರು. ಎಷ್ಟು ಪ್ರೀತಿ ಎಂದುಕೊಂಡು ಕೂರಲು ಸನ್ನೆ ಮಾಡಿದೆ. ಮುಂದಿನ ಬೆಂಚಿನವನು ಕೈಮುಗಿದ.

"ಇಷ್ಟು ಲಗೂನ ಯಾಕ ಆರಾಮಾದ್ರಿ ಸಾರ್? ಪಂಡಿತರ ಪಾಠ ಇನ್ನಾ ಅರ್ಧಕ್ಕ ಐತಿ!"